ಕಣ್ಣಿನ ವಿದ್ಯೆ, ಕಿವಿಯ ಕಾಲೇಜು

ಪುಂಜಾಲಕಟ್ಟೆಯ ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಬಂಟ್ವಾಳ ತಾಲ್ಲೂಕಿನ ಅಂಚಿನಲ್ಲಿರುವ ಈ ಊರಿನಿಂದ ಹೆದ್ದಾರಿ ಹಿಡಿದು ಮೂಡು ದಿಕ್ಕಿಗೆ ಹೋದರೆ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಉಜಿರೆಯಲ್ಲಿ ಎಸ್‌ಡಿಎಂ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸಿಗುತ್ತದೆ. ಬಿ.ಸಿ. ರೋಡ್ ಕಡೆಗೆ ಇಳಿದರೆ ಅದೇ ತಾಲ್ಲೂಕಿನ ಬೆಂಜನಪದವಿನಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು. ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆ ಸೀಮೆಗೆ ಹೊರಟರೆ ಮಿಜಾರಿನಲ್ಲಿ ಆಳ್ವಾಸ್, ಬಡಗ ಮಿಜಾರಿನಲ್ಲಿ ಮೈಟ್. ಎಲ್ಲವೂ 2000ದ ಈಚೆಗೆ ತಲೆಯೆತ್ತಿದವು. ಒಂದು ತಲೆಮಾರಿನ ಹಿಂದೆ ಎಂಜಿನಿಯರಿಂಗ್ ಎಂದರೆ ಸುರತ್ಕಲ್ಲಿನ ಕಾಲೇಜಿನತ್ತ ನೋಡುತ್ತಿದ್ದ ಹಳ್ಳಿಗಳ ಮಕ್ಕಳು ಈಗ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳುತ್ತಾರೆ.

ಆದರೆ ಕಿವಿ ಕೇಳದ, ಅಥವಾ ಅರೆಬರೆ ಕೇಳುವ ಮಗುವಿರುವ ಮನೆಯಲ್ಲಿ ಚಿಂತೆ ಬೇರೆಯೇ. ಸೀಟೇನೋ ಸಿಕ್ಕೀತು, ಪಾಠ ಸಿಕ್ಕೀತೆ?

ಈ ಪ್ರಶ್ನೆಯಲ್ಲಿ ಒಂದು ವಿಚಿತ್ರವಿದೆ. ಎಂಜಿನಿಯರಿಂಗ್‌ನಷ್ಟು ಕಣ್ಣಿಗೆ ಒಲಿಯುವ ಓದು ಕಡಿಮೆ. ನಕ್ಷೆ, ಸರ್ಕಿಟ್, ಗ್ರಾಫ್, ಸಮೀಕರಣ, ಕಂಪ್ಯೂಟರ್ ಪರದೆಯ ಮೇಲಿನ ಕೋಡ್, ಯಾವುದಕ್ಕೂ ಕಿವಿಯ ಹಂಗಿಲ್ಲ. ಅದನ್ನು ಕಲಿಸುವ ರೀತಿ ಮಾತ್ರ ಬಾಯಿ ಮತ್ತು ಕಿವಿಯ ನಡುವಿನ ವ್ಯವಹಾರವಾಗಿಯೇ ಉಳಿದಿದೆ. ಇಂಥ ವಿದ್ಯಾರ್ಥಿ ಎಡವುವುದು ವಿಷಯದ ಕಷ್ಟಕ್ಕೆ ಅಲ್ಲ, ಈ ರೀತಿಗೆ.

ಕೇಳುವುದು ಬೇರೆ, ತಿಳಿಯುವುದು ಬೇರೆ

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಶ್ರವಣದೋಷವನ್ನು ಎರಡಾಗಿ ನೋಡುತ್ತದೆ. ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್‌ನಷ್ಟು ಶ್ರವಣ ನಷ್ಟವಾಗಿದ್ದರೆ ಕಿವುಡು. 60ರಿಂದ 70 ಡೆಸಿಬೆಲ್ ಆಗಿದ್ದರೆ ಮಂದ ಶ್ರವಣ. ಒಂದು ಮೀಟರ್ ದೂರದಲ್ಲಿ ಕುಳಿತು ನಾವು ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಎಂದರೆ, ಮಂದ ಶ್ರವಣದವರಿಗೆ ಎದುರು ಕುಳಿತವರ ಮಾತೇ ಕೇಳಿಸಿತೋ ಇಲ್ಲವೋ ಎಂಬ ಅಂಚಿನಲ್ಲಿರುತ್ತದೆ.

ಶ್ರವಣಯಂತ್ರ ಹಾಕಿಕೊಂಡರೆ ಮುಗಿಯಿತಲ್ಲ ಎನ್ನುವವರು ಅದನ್ನು ಕನ್ನಡಕದ ಹಾಗೆ ಭಾವಿಸಿರುತ್ತಾರೆ. ಕನ್ನಡಕ ಮಸುಕನ್ನು ತೆಗೆಯುತ್ತದೆ. ಶ್ರವಣಯಂತ್ರ ಮುಖ್ಯವಾಗಿ ಸದ್ದನ್ನು ಹಿಗ್ಗಿಸುತ್ತದೆ. ಇಂದಿನ ಡಿಜಿಟಲ್ ಯಂತ್ರಗಳು ಗದ್ದಲವನ್ನು ಸ್ವಲ್ಪ ಸೋಸುತ್ತವೆ, ನಿಜ. ಆದರೂ ಒಳಗಿವಿಯ ಸೂಕ್ಷ್ಮ ಕೋಶಗಳಿಗೇ ಪೆಟ್ಟಾಗಿದ್ದರೆ ಹಿಗ್ಗಿದ ಸದ್ದೂ ಕಲಸಿಕೊಂಡೇ ಮಿದುಳನ್ನು ತಲುಪುತ್ತದೆ. ಸ್ವರಗಳು ಕೇಳಿಸಿ, 'ಸ', 'ಶ'ದಂಥ ತೆಳು ವ್ಯಂಜನಗಳು ಕಳೆದುಹೋಗುವುದು ಸಾಮಾನ್ಯ. ಮಾತಿನ ಅರ್ಥವನ್ನು ಹೊರುವುದು ಬಹುಮಟ್ಟಿಗೆ ವ್ಯಂಜನಗಳೇ. 'ಕೇಳಿಸುತ್ತಿದೆ, ಏನೆಂದು ಗೊತ್ತಾಗುತ್ತಿಲ್ಲ' ಎಂದು ಇವರು ಹೇಳುವುದು ನೆಪವಲ್ಲ.

ಇದರ ಮೇಲೆ ತರಗತಿಯ ಭೌತಶಾಸ್ತ್ರ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿರುವ ಕೋಣೆಯಲ್ಲಿ ಅಷ್ಟು ಇಳಿಯದಿದ್ದರೂ ಮಾರ್ದನಿ ಸೇರಿಕೊಂಡು ಒಂದು ಅಕ್ಷರದ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಅರುವತ್ತು ಜನ ಕೂರುವ ಕೋಣೆ, ತಲೆಯ ಮೇಲೆ ಗಿರಗುಟ್ಟುವ ಫ್ಯಾನುಗಳು, ಜೂನ್ ಜುಲೈ ಆದರೆ ಹೊರಗೆ ಕರಾವಳಿಯ ಮಳೆ. ಒಳ್ಳೆಯ ಕಿವಿಯವರೂ ಹಿಂದಿನ ಬೆಂಚಿನಲ್ಲಿ ಅರ್ಧ ಮಾತನ್ನು ಊಹಿಸಿಯೇ ಪಾಠ ಕೇಳುತ್ತಿರುತ್ತಾರೆ. ಮಂದ ಶ್ರವಣದವರು ಮುಂದಿನ ಬೆಂಚಿನಲ್ಲೂ ಅದನ್ನೇ ಮಾಡುತ್ತಾರೆ, ದಿನವಿಡೀ ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರು ದಣಿದಿರುವುದಕ್ಕೆ ಸೋಮಾರಿತನ ಕಾರಣವಲ್ಲ.

ತುಟಿಯ ಮೇಲೆ ಮೂರು ಭಾಷೆ

ಕಿವಿ ಕೈಕೊಟ್ಟಲ್ಲಿ ಕಣ್ಣು ತುಟಿಯನ್ನು ಹಿಡಿಯುತ್ತದೆ. ಆದರೆ ತುಟಿ ಹೇಳುವುದು ಅರ್ಧ ಸತ್ಯ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ 'ಪಾಡು', 'ಬಾಡು', 'ಮಾಡು' ಎಂದು ಹೇಳಿ ನೋಡಿ. ಮೂರಕ್ಕೂ ತುಟಿಯ ಚಲನೆ ಒಂದೇ. 'ಕ', 'ಗ', 'ಹ' ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ ಇಲ್ಲವೇ ಗಂಟಲಿನಲ್ಲಿ, ಅವು ಹೊರಗೆ ಕಾಣುವುದೇ ಇಲ್ಲ. ತುಟಿ ಓದುವವರು ಕಂಡದ್ದಕ್ಕಿಂತ ಹೆಚ್ಚನ್ನು ಸಂದರ್ಭದಿಂದ ತುಂಬಿಕೊಳ್ಳುತ್ತಾರೆ. ತುಂಬಿಕೊಳ್ಳಬೇಕಾದರೆ ಆ ಪದ ಮೊದಲೇ ಗೊತ್ತಿರಬೇಕು.

ಪುಂಜಾಲಕಟ್ಟೆಯಂಥ ಊರಿನ ಕಷ್ಟ ಇಲ್ಲೇ ಇದೆ. ಮನೆಯಲ್ಲಿ ತುಳು, ಇಲ್ಲವೇ ಬ್ಯಾರಿ, ಇಲ್ಲವೇ ಕೊಂಕಣಿ. ಶಾಲೆಯಲ್ಲಿ ಕನ್ನಡ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಗ್ಲಿಷ್. ಕೇಳುವ ಮಕ್ಕಳು ಈ ಮೂರರ ನಡುವೆ ಯೋಚಿಸದೆಯೇ ಓಡಾಡುತ್ತಾರೆ, ಏಕೆಂದರೆ ಅಂಗಡಿ, ಬಸ್ಸು, ಟಿ.ವಿ., ಆಟದ ಬಯಲು ಎಲ್ಲವೂ ಅವರ ಕಿವಿಗೆ ಪುಕ್ಕಟೆ ಪಾಠ ಹೇಳಿರುತ್ತವೆ. ಕಿವಿ ಕೇಳದ ಮಗುವಿಗೆ ಆ ಪುಕ್ಕಟೆ ಪಾಠ ಸಿಕ್ಕಿರುವುದಿಲ್ಲ. ಪ್ರತಿ ಪದವನ್ನೂ ಯಾರಾದರೂ ಎದುರು ಕುಳಿತು ಕಲಿಸಿರಬೇಕು, ಇಲ್ಲವೇ ಅದು ಪುಸ್ತಕದಲ್ಲಿ ಕಂಡಿರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳಿಗೆ ಭಾಷಾ ವಿಷಯಗಳಲ್ಲಿ ವಿನಾಯಿತಿ ಇದೆ. ಪರೀಕ್ಷೆ ದಾಟಲು ಅದು ದೊಡ್ಡ ಉಪಕಾರ. ಆದರೆ ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಬಿಟ್ಟ ಮಗುವಿಗೆ ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರಿನಲ್ಲಿ ಆ ಉಪಕಾರವೇ ಸಾಲವಾಗಿ ಎದುರು ನಿಲ್ಲುತ್ತದೆ. ಮಗು ಮುಂದೆ ತಾಂತ್ರಿಕ ಓದಿಗೆ ಹೋಗಬಹುದೆಂಬ ಆಸೆಯಿದ್ದರೆ, ವಿನಾಯಿತಿ ಪಡೆದರೂ ಇಂಗ್ಲಿಷ್ ಓದುವ ರೂಢಿಯನ್ನು ಬಿಡಿಸಬಾರದು. ಮಾತನಾಡಲು ಬಾರದಿದ್ದರೂ ಅಡ್ಡಿಯಿಲ್ಲ, ಓದಲು ಬರಬೇಕು.

ಸೂತ್ರ ಉಳಿಯಿತು, ಕಾರಣ ಹೋಯಿತು

ಮೆಕ್ಯಾನಿಕಲ್ ಅಥವಾ ಸಿವಿಲ್ ವಿಭಾಗದ ಒಂದು ತರಗತಿಯನ್ನು ಹತ್ತಿರದಿಂದ ನೋಡೋಣ. ಪಾಠ ತೊಲೆಯ ಬಾಗುವಿಕೆ. ಉಪನ್ಯಾಸಕರು ಬೋರ್ಡಿನ ಕಡೆ ತಿರುಗಿ ಒಂದು ತೊಲೆಯ ಚಿತ್ರ ಬರೆಯುತ್ತಾರೆ. ಬರೆಯುತ್ತಲೇ ಹೇಳುತ್ತಾರೆ: ಭಾರ ಬಿದ್ದಾಗ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನ ಪದರ ಹಿಗ್ಗುತ್ತದೆ, ನಡುವೆಲ್ಲೋ ಒಂದು ಪದರ ಕುಗ್ಗುವುದೂ ಇಲ್ಲ ಹಿಗ್ಗುವುದೂ ಇಲ್ಲ, ಅದೇ ನ್ಯೂಟ್ರಲ್ ಆ್ಯಕ್ಸಿಸ್. ಬಾಗುವ ಮೊದಲು ಸಮತಲವಾಗಿದ್ದ ಅಡ್ಡಛೇದ ಬಾಗಿದ ಮೇಲೂ ಸಮತಲವಾಗಿಯೇ ಇರುತ್ತದೆಂದು ಇಟ್ಟುಕೊಳ್ಳೋಣ. ಇಷ್ಟನ್ನೂ ಬೋರ್ಡಿಗೆ ಮುಖ ಮಾಡಿ ಹೇಳಿ, ಕೊನೆಗೆ ಸೂತ್ರ ಬರೆದು ತರಗತಿಯ ಕಡೆ ತಿರುಗುತ್ತಾರೆ: ಎಂ ಬೈ ಐ, ಸಿಗ್ಮಾ ಬೈ ವೈ, ಇ ಬೈ ಆರ್, ಮೂರೂ ಸಮ.

ಮುಂದಿನ ಬೆಂಚಿನಲ್ಲಿರುವ ಕಿವಿ ಕೇಳದ ವಿದ್ಯಾರ್ಥಿನಿಗೆ ಸಿಕ್ಕಿದ್ದೇನು? ತೊಲೆಯ ಚಿತ್ರ ಮತ್ತು ಸೂತ್ರ. ನಡುವಿನ ಕಾರಣ ಉಪನ್ಯಾಸಕರ ಬೆನ್ನಿನ ಹಿಂದೆಯೇ ಮುಗಿದುಹೋಯಿತು. ಅವಳು ಸೂತ್ರವನ್ನು ಬರೆದುಕೊಳ್ಳುತ್ತಾಳೆ, ಲೆಕ್ಕವನ್ನೂ ಬಿಡಿಸುತ್ತಾಳೆ, ಅಂಕವೂ ಬರುತ್ತದೆ. ವೈವಾದಲ್ಲಿ 'ಈ ಸೂತ್ರ ಎಲ್ಲಿ ಅನ್ವಯಿಸುವುದಿಲ್ಲ?' ಎಂದು ಕೇಳಿದಾಗ ತಡವರಿಸುತ್ತಾಳೆ. ಬಾಯಿಪಾಠ ಮಾಡಿದ್ದಾಳೆ, ಅರ್ಥವಾಗಿಲ್ಲ ಎಂಬ ತೀರ್ಪು ಬೀಳುತ್ತದೆ. ಅರ್ಥವನ್ನು ಅವಳ ಕೈಗೆ ಕೊಟ್ಟಿದ್ದರಲ್ಲವೇ ಆ ತೀರ್ಪಿಗೆ ಬೆಲೆ?

ಪ್ರಯೋಗಾಲಯದಲ್ಲಿ ತೊಡಕು ಬೇರೆ ಬಗೆಯದು. ನಾಲ್ವರ ತಂಡದಲ್ಲಿ ಒಬ್ಬರು ಮೀಟರ್ ನೋಡಿ ರೀಡಿಂಗ್ ಕೂಗುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. 'ಫಿಫ್ಟೀನ್' ಮತ್ತು 'ಫಿಫ್ಟಿ', 'ಪಿ' ಮತ್ತು 'ಬಿ', 'ಟಿ' ಮತ್ತು 'ಡಿ' ತುಟಿಯ ಮೇಲೆ ಬೇರೆಯಾಗಿ ಕಾಣುವುದಿಲ್ಲ. ಕೇಳದ ವಿದ್ಯಾರ್ಥಿಗೆ ಬರೆಯುವ ಕೆಲಸ ಬಿದ್ದರೆ ತಪ್ಪು ಖಚಿತ, ಮೀಟರ್ ಓದುವ ಕೆಲಸ ಕೊಟ್ಟರೆ ತೊಂದರೆಯೇ ಇಲ್ಲ. ಲೇತ್ ಯಂತ್ರಗಳ ವರ್ಕ್‌ಶಾಪಿನಲ್ಲಿ ಹಲವರು ಗದ್ದಲ ತಾಳಲಾರದೆ ಶ್ರವಣಯಂತ್ರವನ್ನು ಆರಿಸಿಬಿಡುತ್ತಾರೆ. ಅಲ್ಲಿ 'ಏಯ್, ನಿಲ್ಲಿಸು' ಎಂಬ ಕೂಗನ್ನು ನಂಬಿಕೊಂಡರೆ ಅಪಾಯ. ಯಂತ್ರದ ಬಳಿ ಬೆಳಗಿ ಆರುವ ಎಚ್ಚರಿಕೆಯ ದೀಪ, ಕೆಲಸಕ್ಕೆ ಮುಂಚೆಯೇ ಗೊತ್ತು ಮಾಡಿಕೊಂಡ ಕೈಸನ್ನೆ, ಬೋಧಕರು ಕಣ್ಣಿಗೆ ಬೀಳುವ ಜಾಗದಲ್ಲಿ ನಿಲ್ಲುವುದು, ಇಷ್ಟು ಬೇಕು. ಇವು ಗದ್ದಲದ ವರ್ಕ್‌ಶಾಪಿನಲ್ಲಿ ಚೆನ್ನಾಗಿ ಕೇಳುವವರನ್ನೂ ಕಾಯುತ್ತವೆ.

ಪಠ್ಯದಲ್ಲೇ ಇರುವವರು

ಕಿವಿ ಕೇಳದವರಿಗೆ ಎಂಜಿನಿಯರಿಂಗ್ ಆದೀತೇ ಎಂದು ಅನುಮಾನಿಸುವವರು ಪಠ್ಯಪುಸ್ತಕವನ್ನೇ ತೆರೆಯಬಹುದು. ಗಣಿತದ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಪಾಠದಲ್ಲಿ ಬರುವ ಯುನಿಟ್ ಸ್ಟೆಪ್ ಫಂಕ್ಷನ್‌ಗೆ ಹೆವಿಸೈಡ್ ಫಂಕ್ಷನ್ ಎಂಬ ಹೆಸರೂ ಇದೆ. 1850ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಲಿವರ್ ಹೆವಿಸೈಡ್‌ಗೆ ಬಾಲ್ಯದಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಮಂದವಾಯಿತು. ಹದಿನಾರಕ್ಕೇ ಶಾಲೆ ಬಿಟ್ಟು, ಟೆಲಿಗ್ರಾಫ್ ಕೆಲಸಕ್ಕೆ ಸೇರಿ, ಪುಸ್ತಕ ಓದಿಯೇ ಕಲಿತ ಈತ ಮ್ಯಾಕ್ಸ್‌ವೆಲ್‌ನ ವಿದ್ಯುತ್‌ಕಾಂತೀಯ ಸಮೀಕರಣಗಳನ್ನು ಇಂದು ನಾವು ಓದುವ ನಾಲ್ಕರ ರೂಪಕ್ಕೆ ಇಳಿಸಿದ. 1904ರಲ್ಲಿ ಡಯೋಡ್ ವಾಲ್ವ್ ಕಂಡುಹಿಡಿದು ಎಲೆಕ್ಟ್ರಾನಿಕ್ಸ್‌ಗೆ ಬಾಗಿಲು ತೆರೆದ ಜಾನ್ ಆಂಬ್ರೋಸ್ ಫ್ಲೆಮಿಂಗ್‌ಗೂ ಕಿವಿ ಮಂದ. 1903ರಲ್ಲಿ ರಾಕೆಟ್ ಸಮೀಕರಣವನ್ನು ಪ್ರಕಟಿಸಿದ ರಷ್ಯದ ತ್ಸಿಯೋಲ್ಕೋವ್‌ಸ್ಕಿ ಬಾಲ್ಯದಲ್ಲೇ ಬಹುಪಾಲು ಶ್ರವಣ ಕಳೆದುಕೊಂಡು, ಗ್ರಂಥಾಲಯದಲ್ಲಿ ಕುಳಿತು ಕಲಿತವನು.

ಹೆವಿಸೈಡ್‌ಗೂ ತ್ಸಿಯೋಲ್ಕೋವ್‌ಸ್ಕಿಗೂ ಓದೇ ಕೈಹಿಡಿಯಿತು ಎಂಬುದನ್ನು ಗಮನಿಸಬೇಕು. ಮುಂದಿನ ಪೀಳಿಗೆಯ ಕಿವುಡ ಎಂಜಿನಿಯರ್‌ಗಳು ಮಾತನ್ನೇ ಅಕ್ಷರವಾಗಿಸುವ ದಾರಿ ಹುಡುಕಿದರು. 1964ರಲ್ಲಿ ಕಿವುಡ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ ಟೆಲಿಫೋನ್ ತಂತಿಯ ಮೇಲೆ ಟೆಲಿಪ್ರಿಂಟರಿನ ಅಕ್ಷರಗಳನ್ನು ಕಳಿಸುವ ಉಪಾಯ ತೋರಿಸಿದರು. ಅಂತರ್ಜಾಲದ ಅಡಿಗಲ್ಲಾದ ಟಿಸಿಪಿ/ಐಪಿ ನಿಯಮಗಳನ್ನು ರಾಬರ್ಟ್ ಕಾನ್ ಜೊತೆ ರೂಪಿಸಿದ ವಿಂಟ್ ಸರ್ಫ್ ಹದಿಹರೆಯದಿಂದಲೂ ಶ್ರವಣಯಂತ್ರ ಹಾಕಿಕೊಳ್ಳುವವರು. ಮಾತನ್ನು ಆಡಿದಂತೆಯೇ ಮೊಬೈಲ್ ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ಗೂಗಲ್‌ನ 'ಲೈವ್ ಟ್ರಾನ್ಸ್‌ಕ್ರೈಬ್' 2019ರಲ್ಲಿ ಬಂದಾಗ ಅದರ ಹಿಂದೆ ಇದ್ದವರಲ್ಲಿ ಒಬ್ಬರು ಬಾಲ್ಯದಿಂದಲೇ ಕಿವಿ ಕೇಳದ ವಿಜ್ಞಾನಿ ದಿಮಿತ್ರಿ ಕನೆವ್‌ಸ್ಕಿ.

ಈ ಆ್ಯಪ್ ಕನ್ನಡವನ್ನೂ ಬರೆಯುತ್ತದೆ. ಆದರೆ ನಮ್ಮ ಉಪನ್ಯಾಸಕರು ಆಡುವುದು ಇಂಗ್ಲಿಷ್ ಪಾರಿಭಾಷಿಕ ಪದ, ಕನ್ನಡದ ಕ್ರಿಯಾಪದ, ನಡುವೆ ಒಂದು ತುಳು ನಗೆಚಟಾಕಿ ಸೇರಿದ ಮಾತು. ಈ ಮಿಶ್ರಣಕ್ಕೆ ಯಾವ ಯಂತ್ರವೂ ತಬ್ಬಿಬ್ಬಾಗುತ್ತದೆ. ಮೊಬೈಲ್ ಮೂರನೇ ಬೆಂಚಿನ ಮೇಲಿದ್ದರೆ ಫ್ಯಾನಿನ ಸದ್ದನ್ನೂ ಕೇಳಿಸಿಕೊಳ್ಳುತ್ತದೆ. ಅದನ್ನು ಉಪನ್ಯಾಸಕರ ಮೇಜಿನ ಮೇಲಿಟ್ಟರೆ, ಅಥವಾ ಅವರ ಅಂಗಿಗೆ ಚಿಕ್ಕ ಮೈಕ್ ಸಿಕ್ಕಿಸಿದರೆ ಫಲಿತಾಂಶ ಎಷ್ಟೋ ಸುಧಾರಿಸುತ್ತದೆ. ಮನೆಯಲ್ಲಿ ಕುಳಿತು ಕಲಿಯಲು ಐಐಟಿಗಳ ಎನ್‌ಪಿಟಿಇಎಲ್ ಪಾಠಗಳಿವೆ, ಅವುಗಳಿಗೆ ಅಡಿಬರಹಗಳಿವೆ. ತರಗತಿಯಲ್ಲಿ ತಪ್ಪಿಹೋದ 'ಏಕೆ' ಅಲ್ಲಿ ಸಿಗುತ್ತದೆ.

ಸನ್ನೆಯಲ್ಲಿ ಪಾಠ ಹೇಳುವ ದಾರಿ

ಕಿವಿ ಕೇಳದವರೆಲ್ಲ ಒಂದೇ ಬಗೆಯವರಲ್ಲ. ಶ್ರವಣಯಂತ್ರ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡು, ಮಾತನಾಡುತ್ತ, ಊರಿನ ಸಾಮಾನ್ಯ ಶಾಲೆಯಲ್ಲೇ ಬೆಳೆದವರು ಕೆಲವರು. ಅವರಿಗೆ ಸನ್ನೆ ಭಾಷೆ ಗೊತ್ತಿರುವುದಿಲ್ಲ. ವಿಶೇಷ ಶಾಲೆಗಳಲ್ಲಿ ಓದಿ ಸನ್ನೆಯಲ್ಲೇ ಯೋಚಿಸುವವರು ಇನ್ನು ಕೆಲವರು. ಅವರಿಗೆ ಮೈಕ್ ಕೊಟ್ಟರೆ ಪ್ರಯೋಜನವಿಲ್ಲ. ಏನು ಬೇಕೆಂದು ವಿದ್ಯಾರ್ಥಿಯನ್ನೇ ಕೇಳಿ ತಿಳಿಯಬೇಕು.

ಸನ್ನೆ ಭಾಷೆಯವರಿಗೆ ನಮ್ಮ ರಾಜ್ಯದಲ್ಲೇ ಒಂದು ದಾರಿಯಿದೆ. ಜೆಎಸ್‌ಎಸ್ ಮಹಾವಿದ್ಯಾಪೀಠವು ಮೈಸೂರಿನಲ್ಲಿ 1991ರಲ್ಲಿ ವಿಶೇಷ ಚೇತನರಿಗಾಗಿಯೇ ಪಾಲಿಟೆಕ್ನಿಕ್ ಆರಂಭಿಸಿತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಆರ್ಕಿಟೆಕ್ಚರ್, ಆಭರಣ ವಿನ್ಯಾಸದಂಥ ಡಿಪ್ಲೊಮಾ ಓದಬಹುದು. ಡಿಪ್ಲೊಮಾ ಎಂಜಿನಿಯರಿಂಗ್ ಮುಗಿಸಿದವರಿಗೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರ ಸೇರುವ ಅವಕಾಶವೂ ಉಂಟು. ನೆರೆಯ ಕೇರಳದ ತಿರುವನಂತಪುರದಲ್ಲಿ 1997ರಲ್ಲಿ ಹುಟ್ಟಿದ ನಿಶ್ ಸಂಸ್ಥೆ ಕಿವಿ ಕೇಳದವರಿಗಾಗಿ ಕಂಪ್ಯೂಟರ್ ಸೈನ್ಸ್ ಪದವಿಯನ್ನೇ ನಡೆಸುತ್ತದೆ. ಅಮೆರಿಕ ಕಿವುಡರ ತಾಂತ್ರಿಕ ಶಿಕ್ಷಣಕ್ಕೆಂದೇ 1965ರಲ್ಲಿ ಕಾನೂನು ಮಾಡಿತು. ಅದರಡಿ ಸ್ಥಾಪನೆಯಾದ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ 1968ರಿಂದ ರಾಚೆಸ್ಟರಿನ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲೇ ನಡೆಯುತ್ತಿದೆ. ಅಲ್ಲಿ ಕೇಳುವವರೂ ಕೇಳದವರೂ ಒಂದೇ ತರಗತಿಯಲ್ಲಿ ಕೂರಬಹುದು, ಪಕ್ಕದಲ್ಲಿ ದುಭಾಷಿ ಇರುತ್ತಾರೆ, ಟಿಪ್ಪಣಿ ಬರೆದುಕೊಡುವವರಿರುತ್ತಾರೆ.

ಪುಂಜಾಲಕಟ್ಟೆಯಿಂದ ಮೈಸೂರು ಇನ್ನೂರು ಕಿಲೋಮೀಟರಿಗೂ ಹೆಚ್ಚು. ಹದಿನಾರರ ಹುಡುಗಿಯನ್ನು ಅಷ್ಟು ದೂರ ಕಳಿಸಲು ಎಲ್ಲ ಮನೆಗಳಿಗೂ ಮನಸ್ಸಾಗದು. ಊರ ಹತ್ತಿರದ ಕಾಲೇಜಿಗೆ ದುಭಾಷಿ ಬರುವುದೂ ಸದ್ಯಕ್ಕೆ ಸುಲಭವಲ್ಲ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರ ಹೊತ್ತಿಗೆ 10,000 ಪದಗಳ ಸನ್ನೆ ನಿಘಂಟನ್ನು ಹೊರತಂದಿದೆ. ಆದರೂ ಎಂಜಿನಿಯರಿಂಗ್‌ನ ಎಷ್ಟೋ ಪದಗಳನ್ನು ದುಭಾಷಿಗಳು ಬೆರಳಿನಿಂದ ಅಕ್ಷರ ಅಕ್ಷರವಾಗಿ ತೋರಿಸಬೇಕಾಗುತ್ತದೆ. ಆಗದ ಕೆಲಸವಂತೂ ಅಲ್ಲ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯ ಮೂಲಕ ಹಾಜರಾದರು, 2024ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ವಾದವನ್ನು ಅದೇ ರೀತಿ ಆಲಿಸಿತು. ಮಾತೇ ಬಂಡವಾಳವಾದ ವಕೀಲಿಕೆಗೆ ಆಗುವುದು ನಕ್ಷೆ ಮತ್ತು ಸಮೀಕರಣವೇ ಬಂಡವಾಳವಾದ ಎಂಜಿನಿಯರಿಂಗ್‌ಗೆ ಆಗಲೇಬೇಕು.

ಕೇಳಿ ಪಡೆಯಬೇಕಾದ ಹಕ್ಕು

ಕಾನೂನು ಏನು ಕೊಟ್ಟಿದೆ ಎಂಬುದು ಎಷ್ಟೋ ಪಾಲಕರಿಗೆ ತಿಳಿದಿರುವುದಿಲ್ಲ. 2016ರ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳು ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಮೀಸಲು, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯೂ ಇದೆ. ಸಿಇಟಿ ಅರ್ಜಿ ತುಂಬುವಾಗಲೇ ಈ ವರ್ಗವನ್ನು ನಮೂದಿಸಬೇಕು, ಅದಕ್ಕೆ ಮುಂಚೆ ವೈದ್ಯಕೀಯ ಪ್ರಮಾಣಪತ್ರ ಮತ್ತು ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಕೈಯಲ್ಲಿರಬೇಕು. ಎಐಸಿಟಿಇಯ 'ಸಕ್ಷಮ್' ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ಕೇಂದ್ರದ 2018ರ ಮಾರ್ಗಸೂಚಿ 3 ಗಂಟೆಯ ಲಿಖಿತ ಪರೀಕ್ಷೆಗೆ ಕನಿಷ್ಠ 1 ಗಂಟೆ ಹೆಚ್ಚುವರಿ ಸಮಯಕ್ಕೆ ಅವಕಾಶ ಕೊಟ್ಟಿತ್ತು.

ಇವೆಲ್ಲಕ್ಕಿಂತ ಮುಖ್ಯವಾದದ್ದು 16ನೇ ಸೆಕ್ಷನ್. ಸರ್ಕಾರದ ಹಣ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಕಿವಿ ಕೇಳದವರಿಗೆ ಅವರಿಗೆ ಹೊಂದುವ ಭಾಷೆ ಮತ್ತು ಸಂವಹನ ವಿಧಾನದಲ್ಲೇ ಶಿಕ್ಷಣ ಸಿಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಮಾನ್ಯತೆ ಎಂಬ ಮಾತು ಖಾಸಗಿ ಕಾಲೇಜನ್ನೂ ಒಳಗೊಳ್ಳುತ್ತದೆ. ಸೀಟು ಕೊಟ್ಟ ಮಾತ್ರಕ್ಕೆ ಹೊಣೆ ತೀರುವುದಿಲ್ಲ.

ನಾಳೆಯಿಂದಲೇ ಆಗುವ ಕೆಲಸ

ಹೊಣೆ ಎಂದೊಡನೆ ಖರ್ಚು ನೆನಪಾಗುತ್ತದೆ. ದುಭಾಷಿಗೆ, ಮೈಕ್‌ಗೆ, ಎಚ್ಚರಿಕೆ ದೀಪಗಳಿಗೆ ಹಣ ಬೇಕು, ಆಡಳಿತ ಮಂಡಳಿಗಳು ಒದಗಿಸಬೇಕು. ಆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಬರೀ ಅಭ್ಯಾಸದ್ದು. ಉಪನ್ಯಾಸಕರೇ, ಬರೆಯುವಾಗ ಬರೆಯಿರಿ, ತಿರುಗಿ ನಿಂತು ಆಮೇಲೆ ಮಾತನಾಡಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ, ಜಾಗ ಬದಲಿಸಿ. ಹಿಂದಿನ ಬೆಂಚಿನವರು ಕೇಳಿದ ಪ್ರಶ್ನೆಯನ್ನು ನೀವೊಮ್ಮೆ ಹೇಳಿ, ಆಮೇಲೆ ಉತ್ತರಿಸಿ. ವೈವಾದಲ್ಲಿ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿ. ಪರೀಕ್ಷೆಯ ದಿನಾಂಕ ಬದಲಾದದ್ದನ್ನು ಬಾಯಲ್ಲಿ ಹೇಳಿ ಹೋಗಬೇಡಿ, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಗೆಳೆಯರು ತಮ್ಮ ಟಿಪ್ಪಣಿಯ ಫೋಟೊ ತೆಗೆದು ಕಳಿಸಿದರೂ ದೊಡ್ಡ ನೆರವು. ಕಿವಿ ಕೇಳದ ವಿದ್ಯಾರ್ಥಿನಿ ತುಟಿ ನೋಡುತ್ತ ಬರೆದುಕೊಳ್ಳಲಾರಳು. ಕಣ್ಣು ಎರಡಿದ್ದರೂ ನೋಟ ಒಂದೇ ಕಡೆ.

ಪಾಲಕರಿಗೂ ಒಂದು ಮಾತು. ಮದುವೆಗೆ ತೊಡಕಾದೀತು, ಜನ ಆಡಿಕೊಂಡಾರು ಎಂದು ಕೂದಲಿನಡಿ ಶ್ರವಣಯಂತ್ರ ಮುಚ್ಚಿಸಿ ಕಳಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಗೊತ್ತಿಲ್ಲದ ಕಷ್ಟಕ್ಕೆ ಯಾವ ಉಪನ್ಯಾಸಕರೂ ಮದ್ದು ಮಾಡಲಾರರು. ಪ್ರವೇಶದ ದಿನವೇ ವಿಭಾಗದ ಮುಖ್ಯಸ್ಥರಿಗೆ ಮಗುವಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ, ಏನು ಬೇಕು ಎಂದು ಒಂದು ಪುಟದಲ್ಲಿ ಬರೆದು ಕೊಡಿ, ಅದರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ಉಪನ್ಯಾಸಕರಲ್ಲಿ ಬೇಡಿಕೆ ಇಷ್ಟೇ: ನಾಳೆಯ ಪಾಠದ ಟಿಪ್ಪಣಿ ಮತ್ತು ಹೊಸ ಪದಗಳ ಪಟ್ಟಿಯನ್ನು ಇಂದು ಸಂಜೆಯೇ ಕೊಡಿ. ಮೊದಲೇ ಓದಿಕೊಂಡ ಪದವನ್ನು ತುಟಿಯ ಮೇಲೆ ಗುರುತಿಸಬಹುದು, ಆ್ಯಪ್ ತಪ್ಪಿ ಬರೆದರೆ ಸರಿಪಡಿಸಿಕೊಳ್ಳಬಹುದು, ದುಭಾಷಿ ಇದ್ದರೆ ಅವರೂ ಸಿದ್ಧರಾಗಿ ಬರಬಹುದು. ಯಂತ್ರ, ದುಭಾಷಿ, ಅನುದಾನ ಬರುವಾಗ ಬರಲಿ. ಟಿಪ್ಪಣಿಯನ್ನು ಒಂದು ದಿನ ಮೊದಲು ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಡ.